ಕೃಪೆ ರಾಯರು

"ನನಗೆ ಹೆಸರಿನ ಆಸೆ ಇಲ್ಲ" ಎಂದು ಕೃಪೆ ರಾಯರು ಫೋನಿನಲ್ಲಿ ಶುರು ಮಾಡಿದರೆ ಆ ಕಡೆಯವರು ಕುರ್ಚಿ ಎಳೆದುಕೊಂಡು ಕೂತುಬಿಡುವುದು ಒಳ್ಳೆಯದು. ಇನ್ನು ಮುಕ್ಕಾಲು ಗಂಟೆ ಹೆಸರಿನದೇ ಮಾತು.

ಅವರ ನಿಜವಾದ ಹೆಸರು ಬೇರೆ. ಇಲ್ಲಿ ಹಾಕಿದ್ದರೆ ಇನಿಷಿಯಲ್ ತಪ್ಪಾಯಿತೆಂದು ಜಗಳ, ಹಾಕದಿದ್ದರೆ ಹಾಕಲಿಲ್ಲವೆಂದು ಜಗಳ. ನೀವೂ ಇಂಥವರೊಬ್ಬರನ್ನು ಬಲ್ಲಿರಿ. ಬ್ಯಾಂಕಿನಿಂದಲೋ ಕಾಲೇಜಿನಿಂದಲೋ ನಿವೃತ್ತಿ, ಕೊರಳಲ್ಲಿ ಒಳ್ಳೆಯ ಕ್ಯಾಮೆರಾ, ಹಾಸನ, ಮೈಸೂರು ಸೀಮೆಯ ಒಂದು ಹಳೇ ಗುಡಿಯನ್ನೂ ಬಿಡದ ಓಡಾಟ. ಕಂಡದ್ದನ್ನೆಲ್ಲ ಬರೆದು, ಗೆಳೆಯರೊಂದಿಗೆ ನಡೆಸುವ ಜಾಲತಾಣದಲ್ಲಿ ಹಾಕಿ, "ಯಾರು ಬೇಕಾದರೂ ಬಳಸಿಕೊಳ್ಳಲಿ, ಜ್ಞಾನ ಹರಿಯಬೇಕು" ಎಂದು ಕೆಳಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಅಂಟಿಸಿದ್ದಾರೆ. ಜ್ಞಾನವೇನೋ ಹರಿಯುತ್ತದೆ. ಎಲ್ಲೆಲ್ಲಿ ಹರಿಯಿತು, ಹೆಸರು ಹೊತ್ತುಕೊಂಡು ಹರಿಯಿತೋ ಇಲ್ಲವೋ ಎಂದು ರಾಯರು ಅದರ ಬೆನ್ನು ಹತ್ತುತ್ತಾರೆ.

ಅಡ್ಡಹೆಸರು ಬಂದದ್ದು ಒಂದು ಸ್ಮರಣ ಸಂಚಿಕೆಯಿಂದ. ರಾಯರು ತೆಗೆದ ಫೋಟೊ ಬಣ್ಣದಲ್ಲಿ, ಪುಟದ ತುಂಬ ಅಚ್ಚಾಗಿತ್ತು. ಕೆಳಗೆ 'ಚಿತ್ರಕೃಪೆ: ಅಂತರ್ಜಾಲ'. "ಅಂತರ್ಜಾಲ ಯಾವೂರಿನವನ್ರೀ? ಮಟಮಟ ಮಧ್ಯಾಹ್ನ ಗೋಡೆ ಹತ್ತಿ ನಿಂತವನು ನಾನು, ಕೃಪೆ ತೋರಿದವನು ಅವನಾ?" ಎಂದು ಸಂಪಾದಕರನ್ನು ಸಭಾಂಗಣದ ಬಾಗಿಲಲ್ಲೇ ತಡೆದು ಕೇಳಿದರಂತೆ. ಈ ವಿಷಯದಲ್ಲಿ ನಾನು ರಾಯರ ಕಡೆಯವನು. ಪರವಾನಗಿ ಕೇಳುವುದು ಹೆಚ್ಚೇನಿಲ್ಲ: ಯಾರದು, ಎಲ್ಲಿಂದ ತಂದಿರಿ, ಯಾವ ಪರವಾನಗಿ, ಏನಾದರೂ ಬದಲಿಸಿದ್ದೀರಾ. ಒಂದು ಸಾಲಿನಲ್ಲಿ ಮುಗಿಯುವ ಋಣ. ಪುಕ್ಕಟೆ ಸಿಕ್ಕಿದ್ದಕ್ಕೆ ಆ ಒಂದು ಸಾಲು ಬರೆಯಲೂ ಕೈ ಬಾರದವರಿಗೆ ರಾಯರಂಥವರೇ ಸರಿ.

ತೊಂದರೆ ಏನೆಂದರೆ, ರಾಯರು ಪರವಾನಗಿಯನ್ನು ಪೂರ್ತಿ ಓದಿಬಿಟ್ಟಿದ್ದಾರೆ. ನಾವೆಲ್ಲ 'ಒಪ್ಪಿದ್ದೇನೆ' ಒತ್ತಿ ಮುಂದೆ ಹೋಗುವವರು. ಅವರು ಅಡಿಗೆರೆ ಎಳೆದವರು. 2013ರಲ್ಲಿ ಬಂದ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಕಳೆದುಕೊಂಡ ಹಕ್ಕು ತಾನಾಗಿ ಮರಳುತ್ತದೆಂಬ ಉದಾರ ನಿಯಮವಿದೆ. ಗೊತ್ತೇ ಇರಲಿಲ್ಲವೆಂದು ಯಾರೂ ಜಾರಿಕೊಳ್ಳಬಾರದಲ್ಲ, ಅದಕ್ಕೆ ರಾಯರು ಅಂದೇ ಮೇಲ್ ಕಳಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಹಾಲಿನ ಲೆಕ್ಕಕ್ಕೂ ಕೃಪೆಯ ಲೆಕ್ಕಕ್ಕೂ ಅದೊಂದೇ ಕ್ಯಾಲೆಂಡರ್. ಅವರ ಮನೆಯವರು ಎರಡನ್ನೂ ಬೆರೆಸದೆ ಸಂಭಾಳಿಸುತ್ತಾರೆ. ಅಂದಹಾಗೆ ರಾಯರ ಲೇಖನಗಳನ್ನು ಕನ್ನಡದಲ್ಲಿ ಟೈಪು ಮಾಡುವವರೂ, ಕಾಗುಣಿತ ತಿದ್ದುವವರೂ ಅವರೇ. ಅವರ ಹೆಸರು ಯಾವ ಪುಟದಲ್ಲೂ ಇಲ್ಲ. "ಮನೆಯವಳಿಗೆಂಥ ಕೃಪೆ?" ಅನ್ನುತ್ತಾರೆ ರಾಯರು.

ಮೊದಲು ಕೆಲಕಾಲ ವಿಕಿಪೀಡಿಯದಲ್ಲಿದ್ದರು. ಅಲ್ಲಿ ಲೇಖನದ ತಲೆಯಲ್ಲೂ ಇಲ್ಲ, ಕಾಲಲ್ಲೂ ಇಲ್ಲ ಬರೆದವರ ಹೆಸರು. 'ಇತಿಹಾಸ' ಒತ್ತಿ ಒಳಗೆ ಹೋದರೆ ಯಾರು, ಯಾವಾಗ, ಎಷ್ಟು ಬೈಟು ಸೇರಿಸಿದರು ಎಂಬ ಪಟ್ಟಿ. ಬೈಟಿನ ಮಟ್ಟಿಗೆ ಕನ್ನಡ ರಾಯರ ಪಾಲಿಗೆ ಕಾಮಧೇನು. ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ, ಒತ್ತಕ್ಷರ ಜೋಡಿಸುವ ಚಿಹ್ನೆಗೂ ಬೇರೆ ಬೇರೆ ಮೂರು ಬೈಟು ಬೀಳುವುದರಿಂದ, ದೇವರ ಹೆಸರಿನ ಮುಂದೆ ಒಂದು 'ಶ್ರೀ' ಸೇರಿಸಿದರೆ 12 ಬೈಟು ಜಮಾ. ಬಹಳ ದೇವರುಗಳಿಗೆ ರಾಯರು ಶ್ರೀಕಾರ ಹಚ್ಚಿದರು. ನೆಂಟರಿಗೆ ಲೇಖನದ ಕೊಂಡಿ ಕಳಿಸುತ್ತಿರಲಿಲ್ಲ, ಇತಿಹಾಸದ ಕೊಂಡಿಯನ್ನೇ ಕಳಿಸುತ್ತಿದ್ದರು. ಷಡ್ಡಕರೊಬ್ಬರು ಅದನ್ನು ತೆರೆದು ನೋಡಿ "ಇದೇನು ಬ್ಯಾಂಕ್ ಸ್ಟೇಟ್‌ಮೆಂಟಾ?" ಎಂದು ಕೇಳಿದ ದಿನ ವಿಕಿಪೀಡಿಯ ಬಿಟ್ಟರು.

ಹೀಗಿರುವಾಗ, ಬೆಂಗಳೂರಿನ ಹುಡುಗ ಹುಡುಗಿಯರು ನಡೆಸುವ ಒಂದು ಪ್ರವಾಸದ ತಾಣಕ್ಕೂ ರಾಯರ ತಾಣಕ್ಕೂ ಸಂಬಂಧ ಕುದುರಿತು. ಅವರ ಹತ್ತಿರ ನಕ್ಷೆ, ಇವರ ಹತ್ತಿರ ಬರಹ, ಎರಡೂ ಮುಕ್ತ. ಪರವಾನಗಿ ಇದ್ದಮೇಲೆ ಒಪ್ಪಂದವೇ ಬೇಕಿರಲಿಲ್ಲ, ಸುಮ್ಮನೆ ತೆಗೆದುಕೊಂಡು ಹೆಸರು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಸಹಯೋಗ ಅಂದಮೇಲೆ ಸಭೆ ಕರೆಯಬೇಕು.

ಮೊದಲ ಸಭೆಯಲ್ಲಿ ಯಾರ ತಾಣದ ಹೆಸರು ಮುಂದೆ ಎಂಬ ಪ್ರಶ್ನೆ. ಅಕಾರಾದಿಯಾಗಿ ಹಾಕೋಣ ಎಂದರು ಹುಡುಗರು. ಅವರ ಹೆಸರು 'ಅ'ದಿಂದಲೇ ಶುರು. ವರ್ಣಮಾಲೆಯ ಮೇಲೆ ರಾಯರಿಗೆ ಅಂದೇ ಮೊದಲ ಬಾರಿಗೆ ಸಿಟ್ಟು ಬಂದದ್ದು. ಹಿರಿತನ ನೋಡಬೇಕು ಅಂದರು. ಯಾವ ಹಿರಿತನ, ತಾಣದ್ದೋ ನಡೆಸುವವರದ್ದೋ? ತಾಣದ ವಯಸ್ಸು ನೋಡಿದರೆ ಹುಡುಗರದ್ದೇ ಹಳೆಯದು. ಮದುವೆ ಕರೆಯೋಲೆಯಲ್ಲಿ ಸೋದರಮಾವನ ಹೆಸರು ಎಲ್ಲಿ ಬರಬೇಕೆಂದು ಎರಡು ಮನೆಯವರು ಕೂತ ಹಾಗಾಯಿತು. ಕೊನೆಗೆ ಪುಟದ ತಲೆಯಲ್ಲಿ ಅವರದು ಮೊದಲು, ಬುಡದಲ್ಲಿ ಇವರದು ಮೊದಲು ಎಂದಾಯಿತು. ಲೋಗೊಗಳ ಎತ್ತರವನ್ನು ರಾಯರು ಪರದೆಯ ಮೇಲೆ ಸ್ಕೇಲಿಟ್ಟು ಅಳೆದೇ ಒಪ್ಪಿದ್ದು.

ಆಮೇಲೆ ಲೇಖನದ ಹೆಸರು. ರಾಯರು ಇಟ್ಟದ್ದು 'ಕಾವೇರಿ ತೀರದ ಕಲಾಕುಸುಮ: ಸೋಮನಾಥಪುರದ ಕೇಶವಾಲಯ, ಒಂದು ಅವಲೋಕನ'. ಹುಡುಗರು ಇಟ್ಟದ್ದು 'ಸೋಮನಾಥಪುರ'. ಮೊಬೈಲಿನಲ್ಲಿ ಇಷ್ಟೇ ಹಿಡಿಸೋದು ಸಾರ್ ಎಂದರು. 3.0 ಆವೃತ್ತಿಯಲ್ಲಿ ಕೃತಿಯ ಶೀರ್ಷಿಕೆಯನ್ನೂ ಹೇಳಬೇಕಿತ್ತು, 4.0 ಅದನ್ನು ಕೈಬಿಟ್ಟಿದೆ. ತಾವೇ ಆರಿಸಿಕೊಂಡ ಆವೃತ್ತಿ ತಮ್ಮ ಕಲಾಕುಸುಮವನ್ನು ಹೀಗೆ ಕೈಬಿಟ್ಟದ್ದು ರಾಯರಿಗೆ ಆ ಸಭೆಯಲ್ಲೇ ಹೊಳೆದದ್ದು.

ಮೂರನೆಯದು ನಕ್ಷೆ. ಅದರ ಮೂಲೆಯಲ್ಲಿ 'ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು' ಎಂದಿತ್ತು. "ಯಾರಮ್ಮ ಈ ಕೊಡುಗೆದಾರರು? ಒಬ್ಬರಿಗಾದರೂ ಮನೆಯಲ್ಲಿ ನಾಮಕರಣ ಮಾಡಲಿಲ್ಲವಾ?" ಎಂದು ರಾಯರು ಕೇಳಿದರು. ನಕ್ಷೆ ಬರೆದವರು ಲೋಕದ ತುಂಬ ಇದ್ದಾರೆ, ಎಲ್ಲರೂ ಸೇರಿ ಅದೊಂದೇ ಹೆಸರು ಎಂದು ತಾಣ ನೋಡಿಕೊಳ್ಳುವ ಹುಡುಗಿ ವಿವರಿಸಿದಳು. ಹಾಗಾದರೆ ದೇವಸ್ಥಾನದ ಗೇಟು ಎಲ್ಲಿದೆ ಎಂದು ತೋರಿಸಿಕೊಟ್ಟ ತಮ್ಮ ಹೆಸರೂ ನಕ್ಷೆಯ ಕೆಳಗೆ ಬರಬೇಕೆಂದು ರಾಯರು ಹಟ ಹಿಡಿದರು. ಇತಿಹಾಸ ಅವರ ಬೆಂಬಲಕ್ಕಿತ್ತು. "1117ರ ಬೇಲೂರು ನೋಡು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರೂ ಶಿಲ್ಪದ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟು ಕಡೆ ಕೆತ್ತಿದ್ದಾನೆ ಗೊತ್ತಾ? ಕಟ್ಟಿಸಿದ ದಂಡನಾಯಕ ಸೋಮನಾಥನಂತೂ ಊರಿಗೇ ತನ್ನ ಹೆಸರಿಟ್ಟ. ಇಂಡೊನೇಷ್ಯಾದಲ್ಲಿ ಕೋತಿಯೊಂದು ತಾನೇ ಕ್ಯಾಮೆರಾ ಒತ್ತಿಕೊಂಡದ್ದಕ್ಕೆ ಅದರ ಪರವಾಗಿ ಅಮೆರಿಕದ ಕೋರ್ಟಿಗೆ ಹೋದವರಿದ್ದಾರೆ, 2015ರಲ್ಲಿ!"

"ಆ ಕೇಸಲ್ಲಿ ಕೋತಿ ಸೋತಿತು ಸಾರ್" ಅಂದಳು ಹುಡುಗಿ. "ಮತ್ತೆ ಮಲ್ಲಿತಮ್ಮ ಪಕ್ಕದವನು ಕೆತ್ತಿದ್ದರ ಕೆಳಗೆ ತನ್ನ ಹೆಸರು ಹಾಕಲಿಲ್ಲ, ಅಲ್ವಾ?"

ರಾಯರು ಕಾಫಿ ಕುಡಿದರು. ನಕ್ಷೆಯ ವಿಚಾರ ಮತ್ತೆ ಏಳಲಿಲ್ಲ.

ಪುಟ ಹೊರಬಂತು. ರಾಯರ ಹೆಸರು ಇನಿಷಿಯಲ್ ಸಮೇತ, ದಪ್ಪಕ್ಷರದಲ್ಲಿ. ವಾರವಿಡೀ ಅವರು ಎಷ್ಟು ಪ್ರಸನ್ನರಾಗಿದ್ದರೆಂದರೆ 'ಕೃಪೆ: ವಾಟ್ಸಾಪ್' ಎಂದು ಬಂದ ತಮ್ಮದೇ ಬರಹಕ್ಕೆ ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾದರು. ಅಷ್ಟರಲ್ಲಿ ಹುಡುಗರ ಪೈಕಿ ಯಾರೋ ಲೇಖನ ಉದ್ದವಾಯಿತೆಂದು ಕತ್ತರಿ ಆಡಿಸಿದರು. ತಿದ್ದುವುದಕ್ಕೆ ಪರವಾನಗಿಯ ಅಡ್ಡಿಯಿಲ್ಲ, ತಿದ್ದಿದ್ದೇವೆಂದು ಹೇಳಿದರಾಯಿತು, ಹೇಳಿಯೂ ಇದ್ದರು. ಆದರೆ ಆ ಭರದಲ್ಲಿ ದೇವಾಲಯದ ಕಾಲ 1268 ಇದ್ದದ್ದು 1286 ಆಗಿಹೋಯಿತು. ಅದರ ಕೆಳಗೆ, ದಪ್ಪಕ್ಷರದಲ್ಲಿ, ರಾಯರು.

ಹದಿನೆಂಟು ವರ್ಷದ ಈ ಅಪಚಾರವನ್ನು ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ಬಹಳ ನೋವಿನಿಂದ ಎಂಬಂತೆ, ತಿಳಿಸಿದರು. ರಾಯರು ಕೂಡಲೇ ಹುಡುಗಿಗೆ ಹಚ್ಚಿದರು. "ಮೊದಲು ನನ್ನ ಹೆಸರು ತೆಗಿ. 4.0, ಮೂರನೇ ವಿಭಾಗ. ಲೇಖಕ ಕೇಳಿದರೆ ಹೆಸರು ತೆಗೆಯಬೇಕು ಅಂತಿದೆ. ಓದಿಕೋ." ನಿಜ, ಹಾಗೊಂದು ಸಾಲು ಅದರಲ್ಲಿದೆ. ಹೆಸರು ಹಾಕಿಸಿಕೊಳ್ಳುವ ಹಕ್ಕಿನ ಬೆನ್ನಿಗೇ, ಸಾಧ್ಯವಾದಷ್ಟು ಮಟ್ಟಿಗೆ ತೆಗೆಸಿಕೊಳ್ಳುವ ಹಕ್ಕನ್ನೂ ಇಟ್ಟಿದ್ದಾರೆ ಪುಣ್ಯಾತ್ಮರು. ಹುಡುಗಿ ಇಸವಿ ತಿದ್ದಿದಳು, ಹೆಸರು ಅಳಿಸಿದಳು. ಎಲ್ಲ ನೇರವಾಗಿರಲಿ ಎಂದು ಆ ಜಾಗದಲ್ಲಿ 'ಲೇಖಕರ ಕೋರಿಕೆಯ ಮೇರೆಗೆ ಹೆಸರನ್ನು ತೆಗೆಯಲಾಗಿದೆ' ಎಂದು ಬರೆದಳು.

ರಾತ್ರಿ ಊಟ ಮಾಡಿ ರಾಯರು ಪುಟ ತೆರೆದು ನೋಡಿದರು. ಹುಡುಗಿಯ ಫೋನು ಮತ್ತೆ ಹೊಡೆದುಕೊಂಡಿತು.

"ತೆಗೆದದ್ದು ಸರಿಯಮ್ಮ. ಆದರೆ ಬರೀ 'ಲೇಖಕರ ಕೋರಿಕೆ' ಅಂದರೆ ಹೇಗೆ? ಯಾವ ಲೇಖಕರು ಅಂತ ಓದಿದವರಿಗೆ ಗೊತ್ತಾಗೋದು ಬೇಡವಾ?"