ಕಾಕಾ ಹಚ್ಚಿದ್ದೇ ಹಿಟ್ಟು

ಹಾಡು ಹಿಟ್ ಆಯಿತೋ ಇಲ್ಲವೋ ಎಂಬುದು ಕ್ಯಾಸೆಟ್ ಕಂಪನಿಯವರಿಗೆ ಮಾರಾಟದ ಲೆಕ್ಕದಲ್ಲಿ ತಿಳಿಯುತ್ತಿತ್ತು. ಕೊಪ್ಪಳ ಸೀಮೆಯಲ್ಲಿ ಆ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಓಣಿಗೊಂದು ಟೇಪು, ಆ ಟೇಪಿಗೆ ನಾಲ್ಕಾರು ಕ್ಯಾಸೆಟ್ಟು, ಅದರಲ್ಲೊಂದರ ರೀಲು ಯಾವಾಗಲೂ ಹೊರಗೆ ಜೋತಾಡುತ್ತಿತ್ತು. ಹೀಗಾಗಿ ತೀರ್ಪು ಕೊಡುವ ಅಧಿಕಾರ ತಾನಾಗಿಯೇ ಮೈಕ್‌ಸೆಟ್ಟಿನವನ ಕೈಗೆ ಹೋಗಿತ್ತು. ಊರಿಗೆ ಊರೇ ಅವನನ್ನು ಕಾಕಾ ಎನ್ನುತ್ತಿತ್ತು. ಮದುವೆ, ಜಾವಳ, ಗಣಪತಿ, ಮೊಹರಂ, ಗುಡಿಯ ಕಳಸ, ಏನೇ ಇರಲಿ, ಹಿಂದಿನ ದಿನ ಸಂಜೆಯೇ ಕಾಕಾ ಬಂದು ಬೇವಿನ ಮರಕ್ಕೆ ಎರಡು ಹಾರ್ನು ಕಟ್ಟುತ್ತಿದ್ದ. ಒಂದರ ಬಾಯಿ ನಮ್ಮೂರ ಕಡೆ, ಇನ್ನೊಂದರದು ಪಕ್ಕದೂರ ಕಡೆ. ಪಕ್ಕದೂರಿಗೆ ಕೇಳಿಸದಿದ್ದರೆ ಅಷ್ಟು ಖರ್ಚು ಮಾಡಿ ಮದುವೆ ಮಾಡಿದ್ದಕ್ಕೆ ಏನರ್ಥ? ನಸುಕಿನ ನಾಲ್ಕಕ್ಕೆ ಹಾಡು ಶುರು. ಯಾರಾದರೂ ಗೊಣಗಿದರೆ ಕಾಕಾನ ಉತ್ತರ ಸಿದ್ಧವಿತ್ತು: “ನಿದ್ದಿ ಮಾಡೋರು ಹೊಲಕ್ಕ ಹೋಗ್ರಿ.”

ನನ್ನ ತಲೆಯಲ್ಲಿ ಇವತ್ತು ಕಾಯಂ ವಾಸವಾಗಿರುವ ಹಾಡುಗಳಲ್ಲಿ ನಾನಾಗಿ ಕರೆದು ಕೂರಿಸಿದವು ಬಹಳ ಕಡಿಮೆ. ಉಳಿದವೆಲ್ಲ ಕಾಕಾನ ಮೂಲಕ ಬಂದ ಬಾಡಿಗೆದಾರರು. ಬಾಡಿಗೆಯನ್ನೂ ಕೊಡುವುದಿಲ್ಲ, ಬಿಟ್ಟೂ ಹೋಗುವುದಿಲ್ಲ.

ಕಾಕಾನಿಗೊಂದು ಶಾಸ್ತ್ರವಿತ್ತು. ಮೊದಲು ಗಣಪತಿ, ಆಮೇಲೆ ಊರದೇವರು, ಆಮೇಲೆ ರಾಜಕುಮಾರ. ರಾಜಕುಮಾರರನ್ನು ಅವನು ದೇವರ ಪಟ್ಟಿಗೆ ಸೇರಿಸಿದ್ದನೋ ಸಿನಿಮಾದ ಪಟ್ಟಿಗೋ ಹೇಳುವುದು ಕಷ್ಟ. ಅಕ್ಕಿಕಾಳು ಬೀಳುವ ಹೊತ್ತಿಗೆ ಒಂದು, ಊಟದ ಪಂಕ್ತಿಗೆ ಒಂದು, ಹೆಣ್ಣು ಒಪ್ಪಿಸುವಾಗ ಒಂದು ಎಂದು ಎಲ್ಲಕ್ಕೂ ಹಾಡು ಗೊತ್ತಾಗಿದ್ದವು. 1994ರಲ್ಲಿ ‘ಹಾಲುಂಡ ತವರು’ ಬಂದು ಈ ಶಾಸ್ತ್ರವನ್ನೇ ಕೆಡಿಸಿತು. ಹಂಸಲೇಖರ ಆ ತವರಿನ ಹಾಡುಗಳನ್ನು ಕಾಕಾ ಹೆಣ್ಣು ಒಪ್ಪಿಸುವ ಹೊತ್ತಿಗೆಂದು ಕಾದಿಟ್ಟಿರುತ್ತಿದ್ದ. ಒಂದು ಮದುವೆಯಲ್ಲಿ ಚಹಾಕ್ಕೆ ಎದ್ದುಹೋದವನು ಬರುವುದರೊಳಗೆ ಅವನ ಶಿಷ್ಯ ಕ್ಯಾಸೆಟ್ ಬದಲಿಸಿದ್ದ. ಅರಿಷಿಣ ಹಚ್ಚುವ ಹೊತ್ತಿಗೇ ತವರಿನ ಹಾಡು ಬಂತು. ಹುಡುಗಿಯ ಅವ್ವ ಸೆರಗು ಬಾಯಿಗಿಟ್ಟಳು, ಚಿಗವ್ವಂದಿರು ಜೊತೆಗೂಡಿದರು. ಆಗಷ್ಟೇ ಟ್ರ್ಯಾಕ್ಟರ್ ಇಳಿದ ಬೀಗರು ಗಾಬರಿಯಾಗಿ, “ಏನಾತ್ರೀ, ಯಾರರ ಹೋದ್ರೇನು?” ಎಂದು ಕೇಳುವಂತಾಯಿತು. ಕಾಕಾ ಮಾತ್ರ ಅಲುಗಲಿಲ್ಲ. “ಈಗ ಅತ್ತು ಮುಗಿಸಿದ್ರ ಚೊಲೋನ ಆತು, ಸಂಜೀಕ ಬಸ್ಸಿಗೆ ಲೇಟಾಗೂದಿಲ್ಲ” ಅಂದ.

ಮನೆಯ ಟೇಪಿನ ಸಂಕಟ ಬೇರೆ. ಕರೆಂಟು ತನ್ನ ಮರ್ಜಿ ಬಂದಾಗ ಬರುತ್ತಿತ್ತು. ಸೆಲ್ಲು ತುಟ್ಟಿ. ಇಳಿದ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ ಮತ್ತೆ ಹಾಕುವ ವಿದ್ಯೆ ಎಲ್ಲರಿಗೂ ಗೊತ್ತಿತ್ತು. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಹಾಗೆ ಒಣಗಿಸಿದ ಸೆಲ್ಲಿನಲ್ಲಿ ಎಸ್. ಜಾನಕಿ ಪಲ್ಲವಿ ಶುರುಮಾಡಿದರೆ, ಅದು ಮುಗಿಯುವಷ್ಟರಲ್ಲಿ ಯೇಸುದಾಸ್ ಆಗಿರುತ್ತಿದ್ದರು. ಚರಣ ಬರುವಷ್ಟರಲ್ಲಿ ಯಾರು ಹಾಡುತ್ತಿದ್ದಾರೆಂದು ಯಾರೂ ಆಣೆಮಾಡಿ ಹೇಳುವಂತಿರಲಿಲ್ಲ.

1997ರ ಆಗಸ್ಟ್ 24ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ರಾಯಚೂರಿನಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. ಕಂದಾಯದ ಕಾಗದದಲ್ಲಿ ಒಂದಾದವೇ ಹೊರತು ಹಾಡಿನ ವಿಷಯದಲ್ಲಿ ನಾಲ್ಕಕ್ಕೂ ನಾಲ್ಕು ದಿಕ್ಕು. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ನೀರಿನ ಬೆನ್ನಿಗೆ ಭತ್ತ ಬಂತು, ಭತ್ತದ ಬೆನ್ನಿಗೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು, ಅವರ ಬೆನ್ನಿಗೆ ಚಿರಂಜೀವಿಯ ಹಾಡು ಬಂತು. ನಾಟಿಯ ಕಾಲದಲ್ಲಿ ಕಾರಟಗಿ ಕಡೆಯ ಟ್ರ್ಯಾಕ್ಟರುಗಳು ಕೆಸರು ತುಳಿಯುತ್ತಿದ್ದುದು ತೆಲುಗಿನಲ್ಲೇ. ಕುಷ್ಟಗಿಯ ಮೇಲೆ ಸೊಲ್ಲಾಪುರದ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿಯ ಧಾಬಾಗಳಲ್ಲಿ ಲಾರಿಯವರು ಇಳಿಸಿಹೋದ ಹಿಂದಿಯದೇ ದರಬಾರು. 1990ರ ‘ಆಶಿಕಿ’ಯ ಕುಮಾರ ಸಾನು ಅಲ್ಲಿ ವರ್ಷಗಟ್ಟಲೆ ರೊಟ್ಟಿಯ ಜೊತೆ ನೆಂಚಿಕೊಳ್ಳಲು ಸಿಗುತ್ತಿದ್ದ. ಯಲಬುರ್ಗಾದ ಎರಿಹೊಲಗಳ ಕಡೆ ಗುರುರಾಜ ಹೊಸಕೋಟೆಯವರ ಜನಪದ ಕ್ಯಾಸೆಟ್ಟು ಬಿಟ್ಟರೆ ಬೇರೆಯದು ನಡೆಯುತ್ತಿರಲಿಲ್ಲ. ಜೋಳ ರಾಶಿ ಮಾಡುವವರಿಗೆ ಅರ್ಥವಾಗುವ ಭಾಷೆಯಲ್ಲಿ ಹಾಡಿದವರು ಅವರು.

1992ರ ‘ರೋಜಾ’ ಬಂದಾಗ ಈ ದಿಕ್ಕುಗಳೆಲ್ಲ ಡಿಕ್ಕಿ ಹೊಡೆದವು. ಕ್ಯಾಂಪಿನ ಹುಡುಗರು ಅದನ್ನು ತೆಲುಗಿನಲ್ಲಿ ಕೇಳಿದ್ದರು, ಕುಷ್ಟಗಿಯವರು ಹಿಂದಿಯಲ್ಲಿ. ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಗೆ ಬಿದ್ದಾಗ ಅಣ್ಣತಮ್ಮಂದಿರ ಬದುವಿನ ಜಗಳದಂತೆ ಶುರುವಾಯಿತು, ಹಾಡು ನಮ್ಮದು, ನೀವು ಕದ್ದದ್ದು ಎಂದು. ಅದು ಹುಟ್ಟಿದ್ದು ತಮಿಳಿನಲ್ಲಿ ಎಂಬ ಮಾತು ಆ ಜಗಳದಲ್ಲಿ ಒಮ್ಮೆಯೂ ಬರಲಿಲ್ಲ. ಕಾಕಾನನ್ನು ಕೇಳಿದರೆ, “ಮ್ಯೂಸಿಕ್ ಅಂತೂ ಒಂದ ಐತಿ, ಸುಮ್ಕ ಕುಂದರ್ರಿ” ಅಂದ.

ನಾಲ್ಕೂ ತಾಲೂಕುಗಳನ್ನು ಒಂದು ಮಾಡಿದ್ದು, ಜಿಲ್ಲೆಯಾಗುವುದಕ್ಕೆ ಹತ್ತು ವರ್ಷ ಮೊದಲೇ, 1987ರ ‘ಪ್ರೇಮಲೋಕ’. ಮಾತಾಡುವುದನ್ನೇ ಹಾಡು ಮಾಡಬಹುದು ಎಂದು ಹಂಸಲೇಖ ತೋರಿಸಿದರು. ನಮ್ಮ ಹುಡುಗರು ಹಾಡಿದ್ದನ್ನೇ ಮಾತಾಗಿ ಬಳಸಲು ಹೊರಟರು. ರವಿಚಂದ್ರನ್ ಬಳಿ ಮೋಟಾರ್ ಸೈಕಲ್ಲಿತ್ತು, ಇವರ ಬಳಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು. ಹಾಡು ಅರ್ಧಕ್ಕೆ ಬರುವಾಗ ತಾಸು ಮುಗಿಯುತ್ತಿತ್ತು. ಹುಡುಗಿಯರು ಕೊಟ್ಟ ಉತ್ತರವಂತೂ ಅಪ್ಪಟ ಯಲಬುರ್ಗಾದ ಗದ್ಯದಲ್ಲಿರುತ್ತಿತ್ತು.

ಇನ್ನು ಧಾಟಿಯ ವಿಷಯ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಹುಲಿಗೆಮ್ಮನ ಗುಡಿಯ ಮುಂದೆ, ಭಜನೆಪದಗಳ ಪುಟ್ಟ ಪುಸ್ತಕಗಳು ಮಾರಾಟಕ್ಕಿರುತ್ತಿದ್ದವು. ಪದದ ತಲೆಯ ಮೇಲೆ ‘ಧಾಟಿ’ ಎಂದು ಬರೆದು, ಮುಂದೆ ಯಾವುದೋ ಸಿನಿಮಾ ಹಾಡಿನ ಹೆಸರು. ರಾಗ, ತಾಳ ಎಲ್ಲ ಅಷ್ಟರಲ್ಲೇ ಮುಗಿಯಿತು. ನಾಯಕಿ ಮಳೆಯಲ್ಲಿ ತೊಯ್ದು ಹಾಡಿದ ಧಾಟಿಯಲ್ಲಿ ಮುದುಕರು ಕಣ್ಣುಮುಚ್ಚಿ ಮಠದ ಅಜ್ಜನ ಮಹಿಮೆ ಹಾಡುತ್ತಿದ್ದರು. ಮೂಲದ ಸಿನಿಮಾ ನೋಡಿದ ಮೊಮ್ಮಕ್ಕಳು ಮಾತ್ರ ತಲೆತಗ್ಗಿಸಿ ನಗು ನುಂಗಬೇಕಾಗುತ್ತಿತ್ತು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಪದದೊಳಗೂ ಆ ವರ್ಷದ ಹಿಟ್ಟೊಂದು ನುಸುಳಿಕೊಳ್ಳುತ್ತಿತ್ತು. ಇದನ್ನು ಕಳವು ಎನ್ನಲು ನನಗೆ ಮನಸ್ಸಿಲ್ಲ. ಕೇಳದೆ ಮನೆಗೆ ಬಂದ ಹಾಡನ್ನು ಮನೆಗೆಲಸಕ್ಕೆ ಹಚ್ಚುವುದು ನ್ಯಾಯವೇ.

ಭಜನೆಯ ಪದ ಸಿನಿಮಾಕ್ಕೆ ಹೋಗಿ ತಿರುಗಿ ಬಂದದ್ದೂ ಉಂಟು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು, ಸಿ. ಅಶ್ವತ್ಥರ ಸಂಗೀತ. ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಅಲ್ಲಿಂದ ನೂರು ವರ್ಷ ಅವನ ಪದಗಳು ನಮ್ಮ ಭಜನೆಯವರ ಏಕತಾರಿ, ದಮ್ಮಡಿಗಳ ಮೇಲೆ ಬದುಕಿದ್ದವು. ಈಗ ಅವೇ ಬೇವಿನ ಮರದಿಂದ ಕೇಳತೊಡಗಿದವು. ಭಜನೆಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿ, “ಚೊಲೊ ಹಾಡ್ಯಾನ. ಆದ್ರ ಇಷ್ಟ ಅವಸರ ಯಾಕಂತ?” ಎಂದರು. ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು. ಸಿನಿಮಾದವರಿಗೆ ಹಾಡು ಐದು ನಿಮಿಷದಲ್ಲಿ ಮುಗಿಯಬೇಕು. ಭಜನೆಯವರು ಬೆಳಗಾಗುವವರೆಗೆ ಹೊತ್ತು ಕಳೆಯಬೇಕು. ಅಮಾವಾಸ್ಯೆಯ ಭಜನೆಗೆ ಹುಡುಗರು ಅಶ್ವತ್ಥರ ಧಾಟಿಯಲ್ಲೇ ಹಾಡಿದರು, ಹಿರಿಯರು ತಾಳ ಹಿಡಿದು ಎಳೆದೆಳೆದು ಅದನ್ನು ಮತ್ತೆ ತಮ್ಮ ನಡಿಗೆಗೆ ತಂದುಬಿಟ್ಟರು.

ಪ್ರಶಸ್ತಿ ಬಂದದ್ದೆಲ್ಲ ಹಿಟ್ಟಲ್ಲ ಎಂಬುದೂ ಕಾಕಾನಿಂದಲೇ ತಿಳಿದದ್ದು. 1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಗೂ ಹಂಸಲೇಖ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಯಲಬುರ್ಗಾ, ಕುಕನೂರಿನವರಿಗೆ ರಾಯಚೂರಿಗಿಂತ ಗದಗೇ ಹತ್ತಿರ, ಅಲ್ಲಿಯ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವೆಂದರೆ ಮನೆಯಂಗಳ. ಪ್ರಶಸ್ತಿ ತಮಗೇ ಬಂದಷ್ಟು ಹಿಗ್ಗಿದರು. ಆದರೆ ಬಾಲು ಅವರಿಗೆ ಪ್ರಶಸ್ತಿ ತಂದದ್ದು ಹಿಂದೂಸ್ತಾನಿ ಬಂದಿಶು. ಮದುವೆಯಲ್ಲಿ ಅದನ್ನು ಹಚ್ಚೆಂದರೆ ಕಾಕಾ ಒಪ್ಪಲಿಲ್ಲ: “ಇದಕ್ಕ ಮಂದಿ ಕುಂದರ್ತಾರಪಾ. ಪಂಕ್ತಿ ಏಳಬೇಕು ನನಗ.”

ಜಾತ್ರೆಯಲ್ಲಿ ಮಾತ್ರ ಕಾಕಾನ ಆಟ ನಡೆಯುತ್ತಿರಲಿಲ್ಲ. ಜನವರಿಯ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಮಂದಿ, ನಾಟಕ ಕಂಪನಿಯದೊಂದು ಹಾರ್ನು, ಬಳೆಯಂಗಡಿಯದೊಂದು, ಮಿರ್ಚಿಭಜಿಯವನದೊಂದು. ದೊಡ್ಡ ತೊಟ್ಟಿಲಲ್ಲಿ ಕೂತರೆ ಕೆಳಗೆ ಹೊಸಕೋಟೆ, ನಡುವೆ ಹಂಸಲೇಖ, ತುದಿಗೆ ಹೋದಾಗ 1996ರ ‘ಜನುಮದ ಜೋಡಿ’ಗೆ ವಿ. ಮನೋಹರ್ ಕೊಟ್ಟ ಸಂಗೀತ. ಒಂದೇ ಟಿಕೇಟಿಗೆ ಮೂವರು.

ಈಗ ಕಾಕಾನ ಮಗ ಡಿಜೆ ಇಟ್ಟಿದ್ದಾನೆ. ಆಳೆತ್ತರದ ಡಬ್ಬಿಗಳು, ಎದೆಗೆ ಗುದ್ದುವ ಸದ್ದು. ಮೊನ್ನೆ ಒಂದು ಮದುವೆಯಲ್ಲಿ ಚಿಗವ್ವ ಅವನ ಹತ್ತಿರ ಹೋಗಿ, “ತಮ್ಮಾ, ಆ ತವರಿನ ಹಾಡು ಹಚ್ಚೋ” ಎಂದಳು. “ಐತ್ರೀ ಚಿಗವ್ವ” ಎಂದವನು ಹಚ್ಚಿದ್ದು ರಿಮಿಕ್ಸು. ಹುಡುಗರು ಧೂಳೆಬ್ಬಿಸಿ ಕುಣಿಯತೊಡಗಿದರು. ಚಿಗವ್ವ ಅವರ ನಡುವೆಯೇ ನಿಂತು ಹಾಡು ಮುಗಿಯುವವರೆಗೆ ಅತ್ತಳು. ಕಣ್ಣೊರೆಸಿಕೊಂಡು, ಸದ್ದು ಸ್ವಲ್ಪ ಹೆಚ್ಚು ಮಾಡಿ ಇನ್ನೊಮ್ಮೆ ಹಚ್ಚು ಅಂದಳು.