ಹೊಗೆಗೊಂದು ಸ್ಟೆಬಿಲೈಜರ್

(ಲಂಡನ್ನಿನ ಒಂದು ಇ-ಸಿಗರೇಟ್ ಅಂಗಡಿ. ಅಳಿಯ ಗಾಜಿಗೆ ಮೂಗೊತ್ತಿ ನಿಂತು ಇಪ್ಪತ್ತು ನಿಮಿಷ ಆಯ್ತು. ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ. ಮದ್ದೂರಿಂದ ಬಂದ ಮಾವನಿಗೆ ಕಾಲುನೋವು.)

ಮಾವ: ಎರಡೂ ಪೆನ್ನಿನಂಗೇ ಅವಲ್ಲೋ. ಯಾವ್ದಾದ್ರೂ ತಗೊಂಡು ನಡಿ.

ಅಳಿಯ: ಹಂಗಲ್ಲ ಮಾವ. ಇದು 15 ಪೌಂಡ್. ಬುಡ ತಿರುಗಿಸಿದ್ರೆ 3.3ರಿಂದ 4.8 ವೋಲ್ಟ್. ಅದು 70. ಪರದೆ ಇದೆ, ಚಿಪ್ ಇದೆ. ಬ್ಯಾಟರಿ ಇಳಿದ್ರೂ ವೋಲ್ಟೇಜ್ ಇಳಿಯಲ್ಲ.

ಮಾವ: ಏರಿಳಿಯೋ ವೋಲ್ಟೇಜಿಗೆ ದುಡ್ಡಾ? ನಮ್ ಪಂಪ್‌ಸೆಟ್ಟಿಗೆ ನಲವತ್ತು ವರ್ಷದಿಂದ ಪುಕ್ಸಟ್ಟೆ ಬತ್ತಾ ಐತೆ!

ಅಳಿಯ: ಜಾಸ್ತಿ ಆದ್ರೆ ಕಾಯಿಲ್ ಸುಟ್ಟೋಗುತ್ತೆ. ಬಾಯೆಲ್ಲ ಕಮಟು.

ಮಾವ: ಮೋಟ್ರೂ ಹಂಗೇ ಸುಟ್ಟೋಗದು. ಆದ್ರೆ ಅದನ್ನ ನಾವು ಬಾಯಿಗಿಟ್ಕೊಳಲ್ಲ.

ಅಳಿಯ: ಇದು ಹೊಗೆಯಲ್ಲ, ಆವಿ!

ಮಾವ: ಇಡ್ಲಿನೂ ಬೇಯ್ತದಾ?

ಅಳಿಯ: ಮಾವಿನಹಣ್ಣಿನ ಫ್ಲೇವರ್ ಮಾವ! ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ. ಇಲ್ಲಿ ಕಾನೂನು ಬಿಡೋದೇ ಅಷ್ಟು.

ಮಾವ: ಮಾವಿನಹಣ್ಣು ಮಾವನ ತೋಟದಲ್ಲೇ ಕೊಳೀತಾ ಬಿದ್ದೈತೆ. ವೋಲ್ಟೇ ಬ್ಯಾಡ.

ಅಳಿಯ: ಸಿಗರೇಟ್ ಬಿಡೋಕೆ ತಾನೇ ಇದೆಲ್ಲ?

ಮಾವ: ಬಿಟ್ಟು ಎಷ್ಟು ದಿನ ಆಯ್ತು?

ಅಳಿಯ: ಇನ್ನೂ ಮಾಡೆಲ್ ಫೈನಲ್ ಆಗಿಲ್ಲ. 70ರದ್ದೇ ತಗೊಂಡ್ರೆ ಊರಿಗೆ ಬಂದಾಗ್ಲೂ ಬಾಳಿಕೆ ಬರುತ್ತೆ.

ಮಾವ: ಊರಲ್ಲಿ 2019ರಿಂದ ನಿಷೇಧ ಕಣ್ಲಾ! ತಂದು ಸಿಕ್ಕಾಕೊಂಡ್ರೆ ವರ್ಷದ ತನಕ ಜೈಲು, ಇಲ್ಲ ಲಕ್ಷದ ತನಕ ದಂಡ, ಇಲ್ಲ ಎರಡೂ.

ಅಳಿಯ: ಹಂಗಾದ್ರೆ ಅಗ್ಗದ್ದೇ ಸಾಕು. ಕಿತ್ಕೊಂಡ್ರೂ ಹೋಗೋದು 15 ಪೌಂಡ್ ತಾನೆ?

(ಮಾವ ಹೊರಗೆ ಬಂದು ಜೇಬಿಂದ ಬೀಡಿ ತೆಗೆದ. ಗಾಳಿಗೆ ಮೂರು ಕಡ್ಡಿ ಆರಿದವು.)

ಅಳಿಯ: ಬೀಡಿನಾ? ಆರೋಗ್ಯ ನೋಡ್ಕೊಳಿ ಮಾವ!

ಮಾವ: ಥೂ, ಲಂಡನ್ನಲ್ಲೂ ವೋಲ್ಟೇಜ್ ಡೌನು.