ಅಕ್ಕಡಿ ಸಾಲಿನಲ್ಲಿ ಏಕಾಗ್ರತೆ: ಒಂದು ಮಹಾಪ್ರಬಂಧದ ಸಂಗ್ರಹ

ಕೈಗೆತ್ತಿಕೊಂಡ ಕೆಲಸ ಮುಗಿಯುವ ತನಕ ಇನ್ನೊಂದನ್ನು ಮುಟ್ಟಬಾರದು ಎಂಬುದು ಪೂರ್ವಪಕ್ಷ. ಇದರ ಆಚಾರ್ಯರು ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ. 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು, 25 ನಿಮಿಷ ಒಂದೇ ಕೆಲಸ, ಆಮೇಲೆ 5 ನಿಮಿಷ ವಿರಾಮ ಎಂಬ ಸೂತ್ರ ಕಂಡುಕೊಂಡರು. ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ ಟೊಮೆಟೊ ಎಂದರೆ ಜನ ಮೊದಲು ಕೇಳುವುದು ಬಾಕ್ಸಿನ ರೇಟು. ಆದ್ದರಿಂದ ಸೂತ್ರವನ್ನು ರಾಗಿಯ ಮೇಲೆ ಪರೀಕ್ಷಿಸುವುದೇ ಶಾಸ್ತ್ರಸಮ್ಮತ.

ಪರೀಕ್ಷೆ ಬಿತ್ತನೆಯ ದಿನವೇ ಎಡವಿತು. ರಾಗಿ ಹೊಲದಲ್ಲಿ ರಾಗಿಯೊಂದೇ ಇಲ್ಲ! ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು. ಹೊಲಕ್ಕೇ ಚಿತ್ತಚಾಂಚಲ್ಯ. ಕೂರಿಗೆಯ ಹಿಂದೆ ಸಡ್ಡೆ ಹಿಡಿದು ನಡೆಯುವ ಹೆಂಗಸಿನ ಮಡಿಲಲ್ಲಿ ಅವರೆ ಬೀಜ. ಮುಷ್ಟಿಯಿಂದ ಹೆಬ್ಬೆರಳು ದಾಟಿ ಕಾಳು ಒಂದೊಂದಾಗಿ ಇಳಿಯುತ್ತಿದ್ದರೆ, ಬಾಯಲ್ಲಿ ಎಲೆಅಡಿಕೆ, ಎತ್ತಿಗೆ ಗದರಿಕೆ, ಬದುವಿನ ಮೇಲಿನ ಮಗುವಿಗೆ ಬೈಗುಳ, ಪಕ್ಕದ ಹೊಲದವಳಿಗೆ ಮಧುಗಿರಿ ಮದುವೆಯ ಸುದ್ದಿ. ಕಾಳಿನ ಅಂತರ ಮಾತ್ರ ತಪ್ಪದು. “ಒಂದೇ ಕಡೆ ಗಮನ ಇಡಬಾರದೇನಮ್ಮ?” ಎಂದು ಸಂಶೋಧಕರು ಕೇಳಲಾಗಿ, “ಕೈ ಬಿತ್ತೈತಲ್ಲ ಸ್ವಾಮಿ, ಬಾಯ್ಗೇನು ಕೆಲ್ಸ?” ಎಂಬ ಪ್ರತ್ಯುತ್ತರ ದೊರೆಯಿತು. ಇದನ್ನು ಖಂಡಿಸುವ ಗ್ರಂಥ ಸದ್ಯಕ್ಕೆ ಲಭ್ಯವಿಲ್ಲ.

ಅರ್ಧಕ್ಕೆ ಬಿಟ್ಟ ಕೆಲಸದಲ್ಲಿ ಗಮನದ ಒಂದು ಪಾಲು ಸಿಕ್ಕಿಕೊಂಡೇ ಇರುತ್ತದೆ ಎಂದು ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ಬರೆದರು. ನಿಜವೇ. ಆದರೆ ತ್ರೀಫೇಸ್ ಕರೆಂಟು ಬಂತೆಂದರೆ ಉಣ್ಣುತ್ತ ಕೂತವರೂ ಮೋಟರ್ ಕಡೆ ಓಡುವ ಸೀಮೆಯಿದು. ಆ ಪಾಲು ತಟ್ಟೆಯಲ್ಲೇ ಉಳಿದರೆ ಯಾರೇನು ಮಾಡಬೇಕು?

ಇನ್ನು ಸಿದ್ಧಾಂತ. ಬಿತ್ತುವಾಗ ಒಟ್ಟಿಗೇ ಬಿದ್ದ ಬೆಳೆಗಳು ಕೊಯ್ಲಿಗೆ ಒಟ್ಟಿಗೇ ಬರುವುದಿಲ್ಲ. ರಾಗಿ ಕೊಯ್ದಾದ ಮೇಲೂ ತೊಗರಿ ನಿಂತಿರುತ್ತದೆ, ಅದಾದ ಮೇಲೂ ಹರಳು. ಸರದಿ ಕಾಯುವುದನ್ನು ಗಿಡಗಳೇ ನೋಡಿಕೊಳ್ಳುವುದರಿಂದ ರೈತನಿಗೆ ಟೈಮರ್ ಖರ್ಚಿಲ್ಲ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷವೂ ತೊಗರಿಯೋ ಹರಳೋ ಒಂದಿಷ್ಟು ಕೈಗೆ ಹತ್ತುವುದುಂಟು. ಒಂದನ್ನೇ ನಂಬಿ ಬಿತ್ತಿದವನಿಗೆ ಆ ವರ್ಷ ಉಳಿಯುವುದು ಏಕಾಗ್ರತೆ ಮಾತ್ರ.

ಅಪವಾದವೊಂದುಂಟು: ಹಿತುಕಿದ ಅವರೆಬೇಳೆ. ಚಳಿಗಾಲದಲ್ಲಿ ನೆನೆಸಿದ ಕಾಳಿನ ತುದಿ ಒತ್ತಿ, ಸಿಪ್ಪೆಯಿಂದ ಬೇಳೆ ಚಿಮ್ಮಿಸಲು ಇಡೀ ಮನೆ ತಪ್ಪಲೆಯ ಸುತ್ತ ಕೂರುತ್ತದೆ. ನಡುವೆ ಎದ್ದು ಹೋದವರಿಗೆ ಸಾರಿನಲ್ಲಿ ಬರೀ ತಿಳಿ. ಈ ದಂಡಸಂಹಿತೆ ಇಟಲಿಯನ್ನು ಇನ್ನೂ ತಲುಪಿದಂತಿಲ್ಲ.